ಮೂಲೆ ಬಿಟ್ಟು ಕೊಯ್ಯುವುದು

ಹಾಸನದಲ್ಲಿ ನಮ್ಮ ಚರ್ಚಿನ ಸಭೆಯವರ ಮುಂದೆ, ಸುಗ್ಗಿ ಹಬ್ಬಕ್ಕೆ ಒಂದು ವಾರ ಮೊದಲು ಆಡಿದ ಮಾತು ಇದು. ಟಿಪ್ಪಣಿ ಚೀಟಿಗಳನ್ನೂ ಮೊಬೈಲ್ ರೆಕಾರ್ಡಿಂಗನ್ನೂ ನೋಡಿಕೊಂಡು ಬರೆದಿದ್ದೇನೆ.

ನಿಮ್ಮಲ್ಲಿ ಎಷ್ಟು ಜನ ಹಕ್ಕಲು ಆಯ್ದಿದ್ದೀರಿ? ಸುಮ್ನೆ ಕೈ ಎತ್ತಿ. ನಾಲ್ಕು ಕೈ. ನಾಲ್ಕೂ ಬಿಳಿ ತಲೆಯವರದ್ದೇ. ಹುಡುಗರಿಗೆ ಆ ಪದವೇ ಹೊಸದು ಅಂತ ಕಾಣುತ್ತೆ. ಸರಿ, ಅಲ್ಲಿಂದಲೇ ಶುರು ಮಾಡೋಣ.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಆಲೂಗಡ್ಡೆ ಕೀಳುವುದಕ್ಕೆ ಎತ್ತು ಕಟ್ಟಿ ನೇಗಿಲು ಹೊಡೆಯುತ್ತಿದ್ದರು. ಸಾಲು ಬಿಚ್ಚಿಕೊಂಡ ಹಾಗೆ ಹಿಂದಿನಿಂದ ಆಳುಗಳು ಗಡ್ಡೆ ಆರಿಸಿ ಮಂಕರಿಗೆ ತುಂಬುತ್ತಿದ್ದರು. ಚೀಲ ಕಟ್ಟಿ ಗಾಡಿ ಹೋದ ಮೇಲೆ ನಮ್ಮ ಸರದಿ. ಅವ್ವ, ನಾನು, ನನ್ನ ತಂಗಿ. ಅವ್ವನ ಕೈಯಲ್ಲಿ ಮುರಿದ ಕುಡುಗೋಲು, ನನ್ನ ಕೈಯಲ್ಲಿ ಒಂದು ಕಡ್ಡಿ. ಹಸಿ ಮಣ್ಣು ಕೆದಕಿದರೆ ಗೋಲಿ ಗಾತ್ರದ ಗಡ್ಡೆಗಳು ಸಿಗುತ್ತಿದ್ದವು. ಕುಳ ತಾಗಿ ಹೋಳಾದವು ಸಿಗುತ್ತಿದ್ದವು. ಬಿಸಿಲು ಬಿದ್ದು ಹಸಿರಾದವನ್ನು ಅವ್ವ ಮುಟ್ಟಿ ನೋಡಿ ಎಸೆದುಬಿಡುತ್ತಿದ್ದಳು, ಕಹಿ ಅಂತ. ಸಂಜೆ ಹೊತ್ತಿಗೆ ಅರ್ಧ ಮಂಕರಿ ಆಯ್ತು ಅಂದರೆ ಅವತ್ತು ಮುದ್ದೆಗೆ ಗಟ್ಟಿ ಸಾರು.

ಊರಲ್ಲಿ ಇಬ್ಬರು ಗೌಡರ ಹೊಲ ದೊಡ್ಡದು. ಒಬ್ಬರು ಗಡ್ಡೆ ಕಿತ್ತಾದ ಮೇಲೆ ಮಾರನೇ ದಿನ ಇನ್ನೊಂದು ಸಲ ನೇಗಿಲು ಹೊಡೆಸಿ, ತಮ್ಮ ಆಳುಗಳಿಂದಲೇ ಆರಿಸಿ, ಆಮೇಲೆ ನಮ್ಮನ್ನು ಬಿಡುತ್ತಿದ್ದರು. ಬೈಯುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಬಹಳ ದೈವಭಕ್ತರು ಬೇರೆ. ಇನ್ನೊಬ್ಬರು ಎರಡನೇ ಸಲ ಹೊಡೆಸುತ್ತಿರಲಿಲ್ಲ, ಅಷ್ಟೇ. ಅವ್ವ ಮೊದಲನೆಯವರ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: ಆ ಹೊಲದಲ್ಲಿ ಇಲಿಗೂ ಉಪವಾಸ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಓದು ಬಂದಿದ್ದರೆ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ ಆಶ್ಚರ್ಯಪಡುತ್ತಿದ್ದಳೋ ಏನೋ. ಅಲ್ಲಿ 9 ಮತ್ತು 10ನೇ ವಚನಗಳಲ್ಲಿ ಇದೇ ಮಾತಿದೆ. ಪೈರು ಕೊಯ್ಯುವಾಗ ಹೊಲದ ಮೂಲೆ ಮೂಲೆಯವರೆಗೂ ಕೊಯ್ಯಬೇಡ, ಹಕ್ಕಲು ಆಯಬೇಡ, ದ್ರಾಕ್ಷಿ ತೋಟದಲ್ಲಿ ಉದುರಿದ್ದನ್ನು ಬಳಿಯಬೇಡ, ಅದು ಬಡವನಿಗೂ ಪರದೇಶಿಗೂ ಬಿಟ್ಟದ್ದು. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಬಿಡಿಸಿ ಹೇಳುತ್ತೆ. ಎಣ್ಣೆಮರ, ಅಂದರೆ ಆಲಿವ್ ಮರ, ಬಡಿದಾದ ಮೇಲೆ ಕೊಂಬೆ ಕೊಂಬೆ ಹುಡುಕಿಕೊಂಡು ಎರಡನೇ ಸಲ ಹೋಗಬೇಡ. ಹೊಲದಲ್ಲಿ ಒಂದು ಸಿವುಡು ಮರೆತು ಬಂದರೆ ತರಲಿಕ್ಕೆ ವಾಪಸ್ ಹೋಗಬೇಡ. ನಮ್ಮೂರ ಎರಡನೇ ಗೌಡರು ಬೈಬಲ್ ಮುಟ್ಟಿದವರೇ ಅಲ್ಲ, ಆದರೆ ಅವರು ಇದನ್ನು ನಡೆಸಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ವಚನ ಕೊಡು ಅನ್ನುವುದಿಲ್ಲ. ಬಿಡು ಅನ್ನುತ್ತೆ. ಕೊಡುವವನು ಮೇಲೆ ನಿಂತಿರುತ್ತಾನೆ, ತೆಗೆದುಕೊಳ್ಳುವವನು ಕೈ ಚಾಚಬೇಕು. ಮೂಲೆ ಬಿಟ್ಟ ಹೊಲದಲ್ಲಿ ಯಾರೂ ಯಾರಿಗೂ ಕೈ ಚಾಚುವುದಿಲ್ಲ. ಬಡವ ತಾನೇ ಬರುತ್ತಾನೆ, ಬಗ್ಗುತ್ತಾನೆ, ಕೊಯ್ದುಕೊಂಡು ಹೋಗುತ್ತಾನೆ. ಹೊಲದವನು ಅಲ್ಲಿ ಇರಬೇಕಾಗಿಯೂ ಇಲ್ಲ. ಆ ಮೂಲೆ ಮೊದಲಿಂದಲೂ ಅವನದ್ದಲ್ಲ. ಅದನ್ನೂ ಕೊಯ್ದುಕೊಂಡರೆ ಅದು ಜಿಪುಣತನ ಅಲ್ಲ, ಕಳ್ಳತನ. ನಾವು ಬಡವರ ಬಗ್ಗೆ ಮಾತಾಡುವಾಗಲೆಲ್ಲ ನಮ್ಮ ಧಾರಾಳತನದ ಬಗ್ಗೆ ಮಾತಾಡುತ್ತೇವೆ. ಮೋಶೆಯ ಧರ್ಮಶಾಸ್ತ್ರ ಧಾರಾಳತನಕ್ಕೆ ಬರುವ ಮೊದಲು ನಮ್ಮ ಬಳಿದುಕೊಳ್ಳುವ ಚಟದ ಬಗ್ಗೆ ಮಾತಾಡುತ್ತೆ.

ಎಷ್ಟು ಬಿಡಬೇಕು? ಬೈಬಲ್ ಅಳತೆ ಕೊಡುವುದಿಲ್ಲ. ಅಳತೆ ಇಲ್ಲದಿದ್ದರೆ ಮನುಷ್ಯ ಏನು ಮಾಡುತ್ತಾನೆ ಅಂತ ಗೊತ್ತಲ್ಲ. ಹಾಗಾಗಿ ಯೆಹೂದಿ ಪಂಡಿತರು ಕ್ರಿ.ಶ. 200ರ ಸುಮಾರಿಗೆ ಮಿಶ್ನಾ ಅನ್ನುವ ನಿಯಮಗಳ ಸಂಗ್ರಹ ಮಾಡಿದಾಗ ಇದಕ್ಕೇ ಒಂದು ಭಾಗ ಇಟ್ಟರು. ಅದರ ಹೆಸರೇ ಪೆಯಾ, ಅಂದರೆ ಹೊಲದ ಮೂಲೆ. ಬೆಳೆಯ 60ರಲ್ಲಿ 1 ಪಾಲಿಗಿಂತ ಕಡಿಮೆ ಬಿಡಬಾರದು ಅಂದರು. ಆ ಸಂಗ್ರಹದಲ್ಲಿ ಇನ್ನೊಂದು ನಿಯಮ ಇದೆ, ನನಗೆ ಬಹಳ ಇಷ್ಟವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ರೂತಳ ಕಥೆ ನಿಮಗೆ ಗೊತ್ತು. ಮದುವೆ ಮನೆಯಲ್ಲಿ ಓದುತ್ತೇವೆ. ಆದರೆ ಎರಡನೇ ಅಧ್ಯಾಯದಲ್ಲಿ ಅವಳು ವಧು ಅಲ್ಲ, ಹಕ್ಕಲು ಆಯಲು ಬಂದ ವಿಧವೆ. ಅದೂ ಮೋವಾಬ್ಯಳು, ಹೊರಗಿನವಳು. ಹೊಲದ ಯಜಮಾನ ಬೋವಜ ಧರ್ಮಶಾಸ್ತ್ರ ಹೇಳಿದಷ್ಟೇ ಮಾಡಿದ್ದರೂ ಸಾಕಿತ್ತು. ಅವನು ಮಾಡಿದ್ದು ನೋಡಿ. ನನ್ನ ಆಳುಗಳು ನಿನ್ನ ಮೈ ಮುಟ್ಟದ ಹಾಗೆ ಹೇಳಿದ್ದೇನೆ ಅಂದ. ಬಾಯಾರಿದರೆ ಅವರು ತುಂಬಿಟ್ಟ ನೀರನ್ನೇ ಕುಡಿ ಅಂದ. ಊಟದ ಹೊತ್ತಿಗೆ ಕೊಯ್ಯುವವರ ಪಕ್ಕದಲ್ಲೇ ಕೂರಿಸಿಕೊಂಡ, ಹುರಿದ ಕಾಳು ಕೊಟ್ಟ, ಅವಳು ಹೊಟ್ಟೆ ತುಂಬ ತಿಂದು ಅತ್ತೆಗೆ ಅಂತ ಉಳಿಸಿಕೊಂಡಳು. ಆಮೇಲೆ ಆಳುಗಳಿಗೆ ಗುಟ್ಟಾಗಿ ಹೇಳಿದ: ಸಿವುಡುಗಳಿಂದ ಒಂದಿಷ್ಟು ತೆನೆ ಎಳೆದು ಬೀಳಿಸಿ, ಅವಳನ್ನು ಗದರಬೇಡಿ. ಸಂಜೆ ಬಡಿದು ನೋಡಿದರೆ ಒಂದು ಏಫಾ ಜವೆಗೋಧಿ. ಸುಮಾರು 22 ಲೀಟರ್ ಹಿಡಿಯುವ ಅಳತೆ ಅದು. ಒಂದು ದಿನದ ಹಕ್ಕಲಿಗೆ ಅಷ್ಟು ಸಿಗುವುದಿಲ್ಲ, ಆಯ್ದವನು ಹೇಳುತ್ತಿದ್ದೇನೆ, ನಂಬಿ. ಆದರೂ ಅವಳಿಗೆ ಅದು ತಾನೇ ಆಯ್ದದ್ದು.

ಈಗ ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುತ್ತೀರಿ, ಇದೆಲ್ಲ ಜವೆಗೋಧಿಗೆ ಸರಿ, ಕಾಫಿಗೆ ಆಗಲ್ಲ ಅಂತ. ಸಕಲೇಶಪುರದ ಕಡೆ ತೋಟ ಇರುವ ನಮ್ಮ ಸಭೆಯವರೇ ಒಬ್ಬರು ನನಗೆ ನೇರವಾಗಿ ಕೇಳಿದರು. ರೈಟ್ರೇ, ಉದುರು ಕಾಯಿ ಗಿಡದ ಬುಡದಲ್ಲಿ ಬಿಟ್ಟರೆ ಕಾಯಿಕೊರಕ ಬರುತ್ತೆ, ಮುಂದಿನ ವರ್ಷ ನನ್ನ ತೋಟವೂ ಹೋಗುತ್ತೆ, ಪಕ್ಕದವರದ್ದೂ ಹೋಗುತ್ತೆ, ದೇವರು ಅದನ್ನೇ ಹೇಳಿದ್ದಾ? ಅವರು ಹೇಳಿದ್ದು ಸುಳ್ಳಲ್ಲ. ಆ ಹುಳ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಲ್ಲಿ. ಅಲ್ಲಿಂದ ನಮ್ಮ ಕಡೆಗೂ ಬಂತು. ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಬಿದ್ದ ಕಾಯಿ ಅದರ ಮನೆ. ಆರಿಸದೆ ಬಿಡಬಾರದು. ನಾನು 31 ವರ್ಷ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು, ಉದುರು ಆರಿಸಲಿಲ್ಲ ಅಂತ ಎಷ್ಟು ಜನರ ಮೇಲೆ ರೇಗಿದ್ದೇನೋ ಲೆಕ್ಕ ಇಲ್ಲ.

ಅವರಿಗೆ ಕೊಟ್ಟ ಉತ್ತರ ಆ ಹಳೇ ಸಂಗ್ರಹದಲ್ಲೇ ಇತ್ತು. ಖರ್ಜೂರದ ಮರದಲ್ಲಿ ಮೂಲೆ ಬಿಡುವುದು ಹೇಗೆ? ಬಡವರು ಹತ್ತಿ ಬಿದ್ದರೆ? ಅದಕ್ಕೆ ಪಂಡಿತರು ಹೇಳಿದರು, ಅಂಥ ಮರದಲ್ಲಿ ಬಡವರ ಪಾಲನ್ನು ಯಜಮಾನನೇ ಕಿತ್ತು ಕೆಳಗಿಳಿಸಿ ಹಂಚಬೇಕು. ನೋಡಿ, ಬೆಳೆ ಬದಲಾದರೆ ಬಿಡುವ ರೀತಿ ಬದಲಾಗುತ್ತೆ. ಪಾಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕಾಯಿಕೊರಕ ಇದೆ ಅಂದರೆ ಉದುರು ಆರಿಸಿ, ತೂಕ ಹಾಕಿ, ಆ ದುಡ್ಡು ಯಾರದ್ದು ಅಂತ ಯೋಚನೆ ಮಾಡಿ. ಅವರು ನಕ್ಕರು. ಆಮೇಲೆ ಏನು ಮಾಡಿದರೋ ನಾನು ಕೇಳಲಿಲ್ಲ.

ತೋಟದಲ್ಲಿ ಇನ್ನೂ ಎಷ್ಟೋ ಮೂಲೆಗಳಿವೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಸವರುವಾಗ, ಬೀಳುವ ಕೊಂಬೆ. ಮೊದಲೆಲ್ಲ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಹೆಂಗಸರು ಸಂಜೆ ಕೆಲಸ ಬಿಟ್ಟು ಹೋಗುವಾಗ ತಲೆ ಮೇಲೆ ಒಂದು ಹೊರೆ ಸೌದೆ ಹೊತ್ತುಕೊಂಡು ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಸೌದೆಗೂ ಲಾರಿ ಬಂತು, ಸೌದೆಗೂ ರೇಟ್ ಬಂತು. ನಾನೇ ಗೇಟ್ ಹತ್ತಿರ ನಿಂತು ಹೊರೆ ಇಳಿಸಿದ್ದೇನೆ. ಹಲಸಿನಹಣ್ಣು, ಕೆರೆಯ ಮೀನು, ಎಲ್ಲದಕ್ಕೂ ಹೀಗೇ ಆಯಿತು. ಪ್ರವಾದಿ ಆಮೋಸನ ಪುಸ್ತಕದ 8ನೇ ಅಧ್ಯಾಯದಲ್ಲಿ ವ್ಯಾಪಾರಿಗಳು ಸಬ್ಬತ್ ಅನ್ನುವ ವಿಶ್ರಾಂತಿಯ ದಿನ ಯಾವಾಗ ಮುಗಿಯುತ್ತೋ, ಅಂಗಡಿ ಯಾವಾಗ ತೆರೆಯೋಣವೋ ಅಂತ ಚಡಪಡಿಸುತ್ತಾರಲ್ಲ, ಅವರು ಕೊನೆಗೆ ಏನು ಮಾರುತ್ತಾರೆ ಗೊತ್ತಾ? ಗೋಧಿಯ ಕಸ, ಗುಡಿಸಿದಾಗ ಬಂದದ್ದು. ಅದಕ್ಕೂ ರೇಟ್.

ತೋಟ ಇಲ್ಲದವರು ಆರಾಮಾಗಿ ಕೂತಿದ್ದೀರಿ. ನಿಮಗೂ ಇದೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಹತ್ತಿರ ಎರಡು ಕಟ್ಟು ತೆಗೆದುಕೊಂಡು, ಚೌಕಾಸಿ ಮಾಡಿ, ಆಮೇಲೆ ಕೊಸರು ಕೇಳುತ್ತೇವೆ. ಒಂದು ಹಿಡಿ ಕೊತ್ತಂಬರಿ ಹಾಕಮ್ಮ ಅಂತ. ಮಾಲ್‌ನಲ್ಲಿ ಬಿಲ್ ಕೊಟ್ಟು ಸುಮ್ಮನೆ ಬರುವ ನಾವೇ. ಕೊಸರು ಅನ್ನೋದು ಒಳ್ಳೇ ಪದ, ಉಳ್ಳವನು ಅಳೆದು ಕೊಟ್ಟ ಮೇಲೆ ಮೇಲಿಂದ ಹಾಕುವ ಹಿಡಿ ಅದು. ಅದನ್ನು ಇಲ್ಲದವರ ಬುಟ್ಟಿಯಿಂದ ಕೇಳಿದರೆ ಹಕ್ಕಲು ಆಯುತ್ತಿರುವವರು ನಾವೇ ಅಲ್ವಾ? ಅಜ್ಜಿಯ ಹೊಲದಲ್ಲಿ.

ಈಗ ಬಟವಾಡೆ ವಿಷಯ. ಯಾಜಕಕಾಂಡ 19ನ್ನು ಇನ್ನೂ ಮುಚ್ಚಿಡಬೇಡಿ. 9ನೇ ವಚನ ಮೂಲೆ. 13ನೇ ವಚನ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. 18ನೇ ವಚನ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಕೊನೆಯದ್ದು ಭಾನುವಾರದ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದೇ ಪುಟದಲ್ಲಿ, ನಾಲ್ಕು ಬೆರಳು ಮೇಲೆ ಸಂಬಳದ ಮಾತಿದೆ, ಅದನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಧರ್ಮೋಪದೇಶಕಾಂಡ ಕಾರಣವನ್ನೂ ಹೇಳುತ್ತೆ. ಹೊತ್ತು ಮುಳುಗುವ ಮೊದಲು ಕೊಡು, ಅವನು ಬಡವ, ಅವನ ಜೀವ ಅದರ ಮೇಲಿದೆ.

ನಮ್ಮ ತೋಟದಲ್ಲಿ ಸಂತೆಯ ಹಿಂದಿನ ದಿನ ಬಟವಾಡೆ. ಒಂದು ವರ್ಷ ಕಾಫಿ ರೇಟ್ ಬಿದ್ದು ಹೋಗಿತ್ತು, ಎರಡು ವಾರ ಬಟವಾಡೆ ತಳ್ಳಿದೆವು. ನಮ್ಮ ಲೆಕ್ಕದಲ್ಲಿ ಅದು ಎರಡು ವಾರ, ಅಷ್ಟೇ. ಕೊಡುವುದನ್ನು ಕೊಟ್ಟೆವು, ಒಂದು ಪೈಸೆ ಮುರಿಯಲಿಲ್ಲ. ಲೈನಿನಲ್ಲಿ ಆದದ್ದು ನನಗೆ ಆಮೇಲೆ ಗೊತ್ತಾಯಿತು. ಕೈಯಲ್ಲಿ ದುಡ್ಡಿಲ್ಲ ಅಂದರೆ ಸಂತೆ ಇಲ್ಲ. ಸಂತೆ ಇಲ್ಲ ಅಂದರೆ ಕ್ರಾಸ್ ಹತ್ತಿರದ ಅಂಗಡಿಯಲ್ಲಿ ಉದ್ರಿ. ಉದ್ರಿ ಬರೆಸಿದರೆ ಎಣ್ಣೆಗೆ ಎರಡು ರೂಪಾಯಿ ಜಾಸ್ತಿ, ಬೇಳೆಗೆ ಮೂರು. ಅಕ್ಕಿ ಅಂಗಡಿಯವನು ಕೊಟ್ಟದ್ದೇ ಅಕ್ಕಿ. ನಮ್ಮ ಎರಡು ವಾರದ ಖರ್ಚನ್ನು ಅವರು ಹೊತ್ತರು. ಒಂದು ಥರದಲ್ಲಿ ತೋಟಕ್ಕೆ ಸಾಲ ಕೊಟ್ಟವರು ಲೈನಿನವರೇ, ಬಡ್ಡಿ ಕಟ್ಟಿದವರೂ ಅವರೇ. ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿ ಕೂಗುತ್ತೆ ಅನ್ನುತ್ತಾನೆ. ಕೂಲಿಯವನಲ್ಲ, ಕೂಲಿಯೇ ಕೂಗುತ್ತೆ. ಆ ಎರಡು ವಾರ ನನ್ನ ಮೇಜಿನ ಡ್ರಾಯರಿನಲ್ಲಿದ್ದ ಬಟವಾಡೆ ಪುಸ್ತಕ ಏನೂ ಕೂಗಲಿಲ್ಲ. ನನಗೆ ಕೇಳಿಸಲಿಲ್ಲ ಅನ್ನಿ.

ಮನೆ ಕೆಲಸಕ್ಕೆ ಬರುವವರಿಗೆ ಸಂಬಳ ಯಾವ ತಾರೀಖು ಕೊಡುತ್ತೀರಿ? ಇದನ್ನು ಕೇಳಿ ಮುಂದೆ ಹೋಗುತ್ತೇನೆ, ಉತ್ತರ ಬೇಡ.

ಕ್ರಿಸ್‌ಮಸ್ ಕಂಬಳಿಗೆ ಬರೋಣ. ಕೋಪ ಮಾಡಿಕೊಳ್ಳಬೇಡಿ, ಆ ಸಮಿತಿಯಲ್ಲಿ ನಾನೂ ಇದ್ದೆ. ಸಾಲಾಗಿ ಕುರ್ಚಿ ಹಾಕಿ, ಹನ್ನೆರಡು ಜನರನ್ನು ಕೂರಿಸಿ, ಕಂಬಳಿ ಹೊದಿಸಿ ಫೋಟೋ ತೆಗೆಸಿದೆವು. ಎಡಗೈಗೆ ಗೊತ್ತಾಗಬಾರದು ಅಂದ ಯೇಸುವಿನ ಮಾತನ್ನು ಅದೇ ವಾರ ಓದಿದ್ದೆವು ಬೇರೆ. ಫೋಟೋ ಆದ ಮೇಲೆ ಹಿಂದುಗಡೆ ಊಟ. ಬಿರಿಯಾನಿ, ಕೂಪನ್ ಇದ್ದವರಿಗೆ ಮಾತ್ರ. ಕಂಬಳಿಯವರಿಗೆ ಕೂಪನ್ ಕೊಡಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಕೆಟ್ಟ ಬುದ್ಧಿಯಿಂದ ಅಲ್ಲ, ಹೊಳೆಯಲಿಲ್ಲ. ಒಬ್ಬ ಹೆಂಗಸು ಕಂಬಳಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಗೇಟ್ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯವನ್ನು ಪ್ರತಿ ಕರ್ತನ ಭೋಜನದಲ್ಲೂ ಓದುತ್ತೇವೆ, ಆದರೆ 23ನೇ ವಚನದಿಂದ. ಅದಕ್ಕೆ ಮೊದಲು ಏನಿದೆ ಅಂತ ಮನೆಗೆ ಹೋಗಿ ನೋಡಿ. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ, ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಬೈಯುತ್ತಾನೆ.

ಫೋಟೋ ಅಂದಾಗ ನೆನಪಾಯಿತು. ಶೆಟ್ಟಿಹಳ್ಳಿ ಚರ್ಚಿಗೆ ಎಲ್ಲರೂ ಹೋಗಿದ್ದೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗುತ್ತೆ, ಚಂದ ಕಾಣುತ್ತೆ. ಗೊರೂರು ಅಣೆಕಟ್ಟಿಗೆ ಊರು ಬಿಟ್ಟವರು ಅಲ್ಲಿ ಆರಾಧನೆ ಮಾಡುತ್ತಿದ್ದರು. ಗೋಡೆಯ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲಿದೆ. ಆ ಜನ ಎಲ್ಲಿಗೆ ಹೋದರು ಅಂತ ನನ್ನ ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದಿ ಸಭೆಯಲ್ಲೂ ಹಂಚುವುದರಲ್ಲಿ ತಪ್ಪಾಗಿತ್ತು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಬಂತು. ಅಪೊಸ್ತಲರು ಗೊಣಗಿದವರಿಗೆ ಬುದ್ಧಿ ಹೇಳಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಆ ಏಳು ಹೆಸರು ಓದಿ, ಎಲ್ಲವೂ ಗ್ರೀಕ್ ಹೆಸರುಗಳೇ. ಯಾರಿಗೆ ಊಟ ಸಿಗುತ್ತಿರಲಿಲ್ಲವೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು ಅಂತ ಕಾಣುತ್ತೆ. ನಮ್ಮ ಬಡವರ ನಿಧಿಯ ಸಮಿತಿಯಲ್ಲಿ ಲೈನಿನಿಂದ ಬಂದವರು ಎಷ್ಟು ಜನ? ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರು ಇದ್ದಾರೆ. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಾ? ಬೋವಜ ಮೊದಲು ಕೇಳಿದ್ದೇ ಆ ಹುಡುಗಿ ಯಾರ ಕಡೆಯವಳು ಅಂತ.

ದುಡಿಯದವನು ಉಣ್ಣಬಾರದು ಅಂತ ಪೌಲನೇ ಹೇಳಿದ್ದಾನಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೇಳಿದ್ದು ದುಡಿಯಲು ಮನಸ್ಸಿಲ್ಲದವನ ಬಗ್ಗೆ. ಮತ್ತಾಯ 20ರಲ್ಲಿ ಸಂಜೆ ಐದರವರೆಗೆ ಪೇಟೆ ಬೀದಿಯಲ್ಲಿ ನಿಂತಿದ್ದವರನ್ನು ಯಾಕೆ ಸುಮ್ಮನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅಂದರು. ಅವರು ಸೋಮಾರಿಗಳಲ್ಲ. ಇನ್ನು, ಕೊಟ್ಟರೆ ಕುಡಿಯುತ್ತಾರೆ ಅನ್ನುವ ಮಾತು. ಕುಡಿಯುವವರು ಇದ್ದಾರೆ, ಸಂತೆಯ ಸಂಜೆ ನಾನೂ ನೋಡಿದ್ದೇನೆ. ಆದರೆ ಕೂಲಿ ಕೊಡುವುದಕ್ಕೆ ಆ ಷರತ್ತು ಎಲ್ಲೂ ಬರೆದಿಲ್ಲ. ನಮ್ಮ ಸಂಬಳ ಕೊಡುವಾಗ ಯಾರಾದರೂ ಕೇಳಿದ್ದಾರಾ?

ಕೊನೆಯದಾಗಿ, ಅಡ್ವಾನ್ಸ್ ತಗೊಂಡು ಓಡಿಹೋಗುತ್ತಾರೆ ಅನ್ನುವುದು. ಇದಕ್ಕೆ ನನ್ನದೇ ಒಂದು ಕಥೆ ಇದೆ. ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಜೀತ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ನಾನು ಕೆಲಸಕ್ಕೆ ಸೇರಿದ್ದು ಆಮೇಲೆ. ಹಾಗಾಗಿ ನಾವು ಅದಕ್ಕೆ ಜೀತ ಅನ್ನುತ್ತಿರಲಿಲ್ಲ, ಅಡ್ವಾನ್ಸ್ ಅನ್ನುತ್ತಿದ್ದೆವು. ಒಬ್ಬ ಮೂರು ಸಾವಿರ ತಗೊಂಡು ರಾತ್ರೋರಾತ್ರಿ ಬೇರೆ ತೋಟಕ್ಕೆ ಹೋದ. ಹೆಂಡತಿ, ಎರಡು ಮಕ್ಕಳು ಲೈನಿನಲ್ಲೇ ಇದ್ದರು. ಬೆಳಿಗ್ಗೆ ನಾನು ಹೋದೆ. ಕೂಗಲಿಲ್ಲ, ಬಾಗಿಲು ತಟ್ಟಲಿಲ್ಲ, ಶೂ ಹಾಕಿಕೊಂಡೇ ಒಳಗೆ ಹೋದೆ. ಒಂದೇ ಕೋಣೆ. ತೆಗೆದುಕೊಂಡು ಹೋಗುವಂಥದ್ದು ಅಲ್ಲಿ ಇದ್ದದ್ದು ಒಂದು ಕುಕ್ಕರ್, ಐದು ಲೀಟರಿನದು. ಒಲೆ ಪಕ್ಕದಲ್ಲಿತ್ತು. ಮುಚ್ಚಳದ ಸುತ್ತ ಗಂಜಿ ಒಣಗಿ ಅಂಟಿಕೊಂಡಿತ್ತು. ಗಂಡ ಬಂದು ದುಡ್ಡು ಕಟ್ಟಿದರೆ ವಾಪಸ್ ಕೊಡುತ್ತೇನೆ ಅಂತ ಹೇಳಿ ತಗೊಂಡು ಬಂದೆ. ಆಫೀಸಿನಲ್ಲಿ ಮೇಜಿನ ಕೆಳಗೆ ಇಟ್ಟೆ. ಅವಳು ಅಳಲಿಲ್ಲ. ದೊಡ್ಡ ಮಗು ಗೇಟಿನ ತನಕ ನನ್ನ ಹಿಂದೆ ಬಂತು.

ಆಗ ನಾನು ಬೈಬಲನ್ನು ಮೊದಲ ಪುಟದಿಂದ ಸಾಲಾಗಿ ಓದುತ್ತಿದ್ದೆ, ದಿನಕ್ಕೆ ಮೂರು ಅಧ್ಯಾಯ. ಆ ವಾರವೇ ಧರ್ಮೋಪದೇಶಕಾಂಡ 24 ಬಂತು. 10ನೇ ವಚನ. ಸಾಲ ಕೊಟ್ಟಿದ್ದರೆ ಒತ್ತೆ ತೆಗೆದುಕೊಳ್ಳಲು ಅವನ ಮನೆಯ ಒಳಗೆ ಹೋಗಬೇಡ. ಹೊರಗೆ ನಿಂತಿರು, ಸಾಲ ತೆಗೆದುಕೊಂಡವನೇ ಒತ್ತೆಯನ್ನು ಹೊರಗೆ ತರಲಿ. ಒತ್ತೆ ತೆಗೆದುಕೊಳ್ಳಲೇ ಬೇಡ ಅಂದಿಲ್ಲ, ನೋಡಿ. ಹೊಸ್ತಿಲು ದಾಟಬೇಡ ಅಂದಿದೆ. ಅದರ ಹಿಂದಿನ ವಚನಗಳಲ್ಲಿ, ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಅವನ ಜೀವ ಅಂತಲೂ ಇದೆ. ಮೇಜಿನ ಕೆಳಗೆ ನನ್ನ ಕಾಲಿಗೆ ಕುಕ್ಕರ್ ತಾಗುತ್ತಿತ್ತು.

ಆದರೂ ತಕ್ಷಣ ಕೊಡಲಿಲ್ಲ. ಸಾಹುಕಾರರಿಗೆ ಏನು ಹೇಳುವುದು ಅನ್ನುವ ಭಯ. ಹನ್ನೊಂದನೇ ದಿನ ಎತ್ತಿಕೊಂಡು ಹೋದೆ. ಅವಳು ಕುಕ್ಕರ್ ತಗೊಂಡಳು, ಮುಚ್ಚಳ ತೆಗೆದು ತಿರುಗಿಸಿ ನೋಡಿದಳು. ಥ್ಯಾಂಕ್ಸ್ ಹೇಳಲಿಲ್ಲ, ಯಾಕೆ ಹೇಳಬೇಕು. ಗ್ಯಾಸ್ಕೆಟ್ ಇಲ್ಲ ರೈಟ್ರೇ ಅಂದಳು. ಆಫೀಸಿನಲ್ಲಿ ಎಲ್ಲಿ ಬಿದ್ದುಹೋಗಿತ್ತೋ, ಹುಡುಕಿದರೂ ಸಿಗಲಿಲ್ಲ. ಮುಂದಿನ ಸಂತೆಯಲ್ಲಿ ಕೊಂಡು ತಂದೆ. ಬಾಗಿಲ ಹೊರಗೆ ನಿಂತು ಕರೆದೆ. ಬಂದು ತಗೊಂಡಳು, ಹಾಕಿ ನೋಡಿದಳು, ಸರಿ ಕೂತಿತು.